ಹೆಸರಿನಲ್ಲೇ ನಿದ್ದೆ ಇದೆ, ಪುರಾವೆಯಲ್ಲಿ ಎಷ್ಟಿದೆ?

ಈಗೀಗ ಜಿಮ್ಮಿನಲ್ಲಿ, ಆಫೀಸ್ ಕ್ಯಾಂಟೀನಿನಲ್ಲಿ, ಇನ್‌ಸ್ಟಾಗ್ರಾಂ ರೀಲ್ಸಿನಲ್ಲಿ ‘ಪೆಪ್ಟೈಡ್’ ಅನ್ನೋ ಪದ ಬಹಳ ಕೇಳಿಬರ್ತಿದೆ. ಗಾಯ ವಾಸಿಯಾಗೋಕೆ ಒಂದು, ಚರ್ಮ ಹೊಳೆಯೋಕೆ ಒಂದು, ತೂಕ ಇಳಿಸೋಕೆ ಇನ್ನೊಂದು. ನಿದ್ದೆಗೂ ಒಂದಿದೆ. ಅದರ ಪೂರ್ತಿ ಹೆಸರು ಡೆಲ್ಟಾ ಸ್ಲೀಪ್ ಇಂಡ್ಯೂಸಿಂಗ್ ಪೆಪ್ಟೈಡ್, ಚಿಕ್ಕದಾಗಿ ಡಿಎಸ್‌ಐಪಿ. ಕನ್ನಡದಲ್ಲಿ ಹೇಳಬೇಕಂದ್ರೆ ‘ಗಾಢ ನಿದ್ದೆ ತರುವ ಪೆಪ್ಟೈಡ್’. ನಿದ್ದೆಗೆಟ್ಟು ಒದ್ದಾಡ್ತಿರೋರಿಗೆ ಈ ಹೆಸರು ಕೇಳಿದ್ರೇನೇ ಅರ್ಧ ಸಮಾಧಾನ ಆಗಿಬಿಡುತ್ತೆ.

ನನಗೆ ಇದು ಗೊತ್ತಾಗಿದ್ದು ಭಾವನಿಂದ, ಅಂದ್ರೆ ಅಕ್ಕನ ಗಂಡನಿಂದ. ಅವರದ್ದು ಅಮೆರಿಕದ ಹೊತ್ತಿಗೆ ಹೊಂದಿಕೊಂಡ ಕೆಲಸ. ಸಂಜೆ ಆರಕ್ಕೆ ಲಾಗಿನ್, ಬೆಳಗಿನ ಜಾವ ಮೂರಕ್ಕೆ ಲಾಗೌಟ್. ಆಫೀಸ್ ಕ್ಯಾಬ್ ಊರೆಲ್ಲ ಸುತ್ತಿಸುತ್ತೆ ಅಂತ ಸ್ವಂತ ಕಾರಿನಲ್ಲೇ ಓಡಾಟ. ಮನೆಗೆ ಬಂದು ಮಲಗಿದ್ರೆ ನಿದ್ದೆ ಇಲ್ಲ, ರಜೆ ದಿನ ರಾತ್ರಿ ಹೊತ್ತಲ್ಲಿ ಮಲಗಿದ್ರೂ ಇಲ್ಲ. ಒಂದೂವರೆ ವರ್ಷದಿಂದ ಇದೇ ಪಾಡು. ಒಂದು ದಿನ ನಸುಕಿನಲ್ಲಿ ರಿಂಗ್ ರೋಡಿನಲ್ಲಿ ಕಾರು ಓಡಿಸ್ತಾ ಅರೆಕ್ಷಣ ಕಣ್ಣು ಮುಚ್ಚಿದ್ದು ಅವರಿಗೇ ಗೊತ್ತಾಗಿಲ್ಲ. ಟೈರು ಡಿವೈಡರಿಗೆ ಉಜ್ಜಿದ ಸದ್ದಿಗೆ ಎಚ್ಚರ. ಅದಾದ ಮೇಲೆ ಅಕ್ಕನಿಗೂ ನಿದ್ದೆ ಹೋಯ್ತು.

ಜಿಮ್ಮಿನ ಗೆಳೆಯರೊಬ್ಬರು ಡಿಎಸ್‌ಐಪಿ ಹೆಸರು ಹೇಳಿದ್ರಂತೆ. ಆನ್‌ಲೈನಿನಲ್ಲಿ ತರಿಸಿದ್ದೂ ಆಯ್ತು. ಮೂರು ಪುಟ್ಟ ಗಾಜಿನ ಸೀಸೆ, ತಳದಲ್ಲಿ ಚಿಟಿಕೆಯಷ್ಟು ಬಿಳಿ ಪುಡಿ. ನೀರು ಬೆರೆಸಿ ಇನ್ಸುಲಿನ್ ಸೂಜಿಯಲ್ಲಿ ಹೊಟ್ಟೆಗೆ ಚುಚ್ಚಿಕೊಳ್ಳೋದು. ಚುಚ್ಚಿಕೊಳ್ಳೋ ಮುಂಚೆ ಭಾವ ನನಗೆ ಫೋನ್ ಮಾಡಿದ್ರು. “ನೀನು ಇಂಥದ್ದೆಲ್ಲ ಓದ್ತೀಯಲ್ಲ, ಒಂದ್ಸಲ ನೋಡಿ ಹೇಳು. ಒಂದು ವಾರ ಕಾಯ್ತೀನಿ.”

ನಾನು ಡಾಕ್ಟರಲ್ಲ, ಸಾಫ್ಟ್‌ವೇರ್ ಇಂಜಿನಿಯರ್. ಆದ್ರೆ ಬೇರೆಯವರು ಬರೆದ ಕೋಡನ್ನು ಓದಿ, ಇದು ಹೇಳಿದ ಕೆಲಸ ನಿಜವಾಗ್ಲೂ ಮಾಡುತ್ತಾ ಅಂತ ಪರೀಕ್ಷೆ ಮಾಡೋದು ನನ್ನ ದಿನನಿತ್ಯದ ಕೆಲಸ. ಫಂಕ್ಷನ್ನಿನ ಹೆಸರು ಎಷ್ಟೇ ಚೆನ್ನಾಗಿರಲಿ, ಹೆಸರು ನೋಡಿ ಯಾರೂ ಅದನ್ನು ಪ್ರೊಡಕ್ಷನ್ನಿಗೆ ಬಿಡೋದಿಲ್ಲ. ಒಳಗೆ ಏನಿದೆ, ಟೆಸ್ಟ್ ಯಾರು ಮಾಡಿದ್ರು, ಏನು ಬಂತು ಅಂತ ಕೇಳ್ತೀವಿ. ಅದೇ ಪ್ರಶ್ನೆಗಳನ್ನು ಹಿಡ್ಕೊಂಡು ಒಂದು ವಾರ ಕೂತೆ. ಸಂಶೋಧನಾ ಲೇಖನಗಳ ಸಾರಾಂಶ ಪಬ್‌ಮೆಡ್‌ನಲ್ಲಿ ಎಲ್ಲರಿಗೂ ಪುಕ್ಕಟೆ ಸಿಗುತ್ತೆ, ಅದಕ್ಕೆ ಡಾಕ್ಟರೇ ಆಗಿರಬೇಕಿಲ್ಲ.

ಮೊಲದ ರಕ್ತದಲ್ಲಿ ಸಿಕ್ಕಿದ್ದು

‘ನಿದ್ದೆ ತರುವ ವಸ್ತು’ ದೇಹದೊಳಗೇ ಇರಬೇಕು ಅನ್ನೋ ಊಹೆ ಹಳೆಯದು. ಇಪ್ಪತ್ತನೇ ಶತಮಾನದ ಶುರುವಿನಲ್ಲೇ ಜಪಾನಿನ ಇಶಿಮೊರಿ, ಫ್ರಾನ್ಸಿನ ಪಿಯೆರೋನ್ ಇಬ್ಬರೂ ಬೇರೆ ಬೇರೆಯಾಗಿ ಒಂದೇ ಥರದ ಪ್ರಯೋಗ ಮಾಡಿದ್ರು. ನಾಯಿಗಳನ್ನು ದಿನಗಟ್ಟಲೆ ಎಚ್ಚರವಾಗಿಟ್ಟು, ಅವುಗಳ ಮಿದುಳಿನಿಂದ ತೆಗೆದದ್ದನ್ನು ಚೆನ್ನಾಗಿ ನಿದ್ದೆ ಮಾಡಿದ್ದ ನಾಯಿಗಳಿಗೆ ಕೊಟ್ರೆ ಅವು ನಿದ್ದೆಗೆ ಜಾರ್ತಿದ್ವು. ಆದ್ರೆ ಆ ವಸ್ತು ಯಾವುದು ಅಂತ ಆಗ ತಿಳಿಯಲಿಲ್ಲ.

ಆ ಹುಡುಕಾಟವನ್ನು ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಮುಂದುವರಿಸಿದವರು ಮೊನ್ನಿಯೇ ಮತ್ತು ಶೋನೆನ್‌ಬರ್ಗರ್. ಮೊಲದ ಮಿದುಳಿನ ಥಲಾಮಸ್ ಅನ್ನೋ ಭಾಗಕ್ಕೆ ಸಣ್ಣ ವಿದ್ಯುತ್ ಪ್ರಚೋದನೆ ಕೊಟ್ಟು ನಿದ್ದೆ ಬರಿಸಿದ್ರು. ಆ ಹೊತ್ತಿನಲ್ಲಿ ಮಿದುಳಿನಿಂದ ಹೊರಬರುವ ರಕ್ತವನ್ನು ಶೋಧಿಸಿ, ಅದರಿಂದ ಒಂದು ಪುಟ್ಟ ಪೆಪ್ಟೈಡನ್ನು ಬೇರ್ಪಡಿಸಿದ್ರು. ಪೆಪ್ಟೈಡ್ ಅಂದ್ರೆ ಅಮೈನೊ ಆಮ್ಲಗಳ ಸರ. ಇನ್ಸುಲಿನ್‌ನಲ್ಲಿ 51 ಮಣಿಗಳಿದ್ರೆ ಇದರಲ್ಲಿ ಬರೀ 9. ಅದನ್ನು ಬೇರೆ ಮೊಲಗಳ ಮಿದುಳಿನೊಳಕ್ಕೇ ಹರಿಸಿದಾಗ ಡೆಲ್ಟಾ ಅಲೆಗಳು ಹೆಚ್ಚಾದವು. ಗಾಢ ನಿದ್ದೆಯಲ್ಲಿ ಮಿದುಳಿನ ವಿದ್ಯುತ್ ಚಟುವಟಿಕೆ ನಿಧಾನವಾಗಿ, ದೊಡ್ಡ ದೊಡ್ಡ ಅಲೆಗಳಾಗಿ ಕಾಣಿಸುತ್ತೆ, ಅವೇ ಡೆಲ್ಟಾ ಅಲೆಗಳು. 1977ರಲ್ಲಿ ಈ ಕೆಲಸ ಅಮೆರಿಕದ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಪ್ರಕಟವಾಯ್ತು. ಹೆಸರು ಹುಟ್ಟಿದ್ದು ಅಲ್ಲೇ.

ಇದು ಬೋಗಸ್ ವಿಜ್ಞಾನವಲ್ಲ ಅನ್ನೋದನ್ನು ಮೊದಲೇ ಹೇಳಿಬಿಡ್ತೀನಿ. ಒಳ್ಳೆಯ ವಿಜ್ಞಾನಿಗಳು, ಒಳ್ಳೆಯ ಪತ್ರಿಕೆ, ಶ್ರಮದ ಕೆಲಸ. ಆದ್ರೆ ಅವತ್ತು ತೋರಿಸಿದ್ದು ಇಷ್ಟೇ: ಮೊಲದ ಮಿದುಳಿನೊಳಕ್ಕೆ ನೇರವಾಗಿ ಕೊಟ್ಟಾಗ ಒಂದು ಬಗೆಯ ಅಲೆ ಹೆಚ್ಚಾಯ್ತು. ಮೊಲದಿಂದ ಮನುಷ್ಯನಿಗೆ, ಮಿದುಳಿನ ಒಳಗಿನಿಂದ ಹೊಟ್ಟೆಯ ಚರ್ಮಕ್ಕೆ, ಅಲೆಯಿಂದ ‘ಬೆಳಿಗ್ಗೆ ಎದ್ದಾಗ ಹಾಯ್ ಅನ್ಸೋ ನಿದ್ದೆ’ಗೆ, ಹೀಗೆ ಮೂರು ಜಿಗಿತ ಬಾಕಿ ಇದ್ವು. ಹೆಸರು ಮಾತ್ರ ಮೂರನ್ನೂ ಆಗಲೇ ಜಿಗಿದಾಗಿತ್ತು.

ಹದಿನಾರು ಜನ, ಕೆಲವು ರಾತ್ರಿ

1980ರ ದಶಕದಲ್ಲಿ ಮನುಷ್ಯರ ಮೇಲೂ ಪ್ರಯೋಗ ಆಯ್ತು. ನಿದ್ರಾಹೀನತೆ ಇರೋ ಕೆಲವೇ ಜನರಿಗೆ ರಕ್ತನಾಳದ ಮೂಲಕ ಕೊಟ್ಟು ನೋಡಿದ್ರು. ಹಲವರಲ್ಲಿ ನಿದ್ದೆ ಸುಧಾರಿಸಿತು ಅಂತ ವರದಿಗಳು ಬಂದ್ವು. ಇವತ್ತು ಮಾರಾಟದ ವೆಬ್‌ಸೈಟುಗಳು ‘ಸಂಶೋಧನೆಯಿಂದ ಸಾಬೀತು’ ಅಂತ ತೋರಿಸೋದು ಹೆಚ್ಚಾಗಿ ಈ ಕಾಲದ ಲೇಖನಗಳನ್ನೇ.

ಭಾವನ ಸಮಸ್ಯೆಗೆ ತೀರಾ ಹತ್ತಿರವಾದದ್ದು 1992ರಲ್ಲಿ ಪ್ರಕಟವಾದ ಒಂದು ಅಧ್ಯಯನ. ಬಹುಕಾಲದಿಂದ ನಿದ್ದೆಯಿಲ್ಲದ 16 ಜನ. ಅರ್ಧ ಜನರಿಗೆ ಡಿಎಸ್‌ಐಪಿ, ಅರ್ಧ ಜನರಿಗೆ ಹುಸಿಮದ್ದು. ಯಾರಿಗೆ ಯಾವುದು ಅಂತ ರೋಗಿಗೂ ಗೊತ್ತಿಲ್ಲ, ಕೊಡೋರಿಗೂ ಗೊತ್ತಿಲ್ಲ. ಪ್ರಯೋಗಾಲಯದಲ್ಲಿ ಮಲಗಿಸಿ, ತಲೆಗೆ ತಂತಿ ಅಂಟಿಸಿ ರಾತ್ರಿಯಿಡೀ ಅಳೆದ್ರು. ನೋಡಬೇಕಾದ ರೀತಿಯಲ್ಲೇ ನೋಡಿದ್ರು ಅನ್ನಬಹುದು.

ಏನು ಬಂತು? ಡಿಎಸ್‌ಐಪಿ ತಗೊಂಡವರು ಸ್ವಲ್ಪ ಬೇಗ ನಿದ್ದೆಗೆ ಜಾರಿದ್ರು, ಹಾಸಿಗೆಯಲ್ಲಿ ಕಳೆದ ಹೊತ್ತಿನಲ್ಲಿ ನಿದ್ದೆಯ ಪಾಲು ಸ್ವಲ್ಪ ಹೆಚ್ಚಿತ್ತು. ವೆಬ್‌ಸೈಟಿನವರು ಇಲ್ಲಿಗೆ ಓದು ನಿಲ್ಲಿಸ್ತಾರೆ. ಆದ್ರೆ ಅದೇ ಸಾರಾಂಶ ಮುಂದೆ ಹೇಳೋದು ಬೇರೆ: ಈ ಪರಿಣಾಮಗಳು ದುರ್ಬಲ, ಕೆಲವಂತೂ ಹುಸಿಮದ್ದಿನ ಗುಂಪಿನಲ್ಲಿ ಆಕಸ್ಮಿಕವಾಗಿ ಆದ ಏರುಪೇರಿನಿಂದ ಹಾಗೆ ಕಂಡಿರಬಹುದು. ‘ನಿದ್ದೆ ಹೇಗಾಯ್ತು’ ಅಂತ ರೋಗಿಗಳನ್ನೇ ಕೇಳಿದಾಗ ಎರಡು ಗುಂಪಿಗೂ ವ್ಯತ್ಯಾಸ ಕಾಣಲಿಲ್ಲ. ಕೊನೆಗೆ ಸಂಶೋಧಕರೇ, ದೀರ್ಘಕಾಲದ ನಿದ್ರಾಹೀನತೆಗೆ ಇದರ ಅಲ್ಪಾವಧಿ ಚಿಕಿತ್ಸೆಯಿಂದ ಹೇಳಿಕೊಳ್ಳುವಂಥ ಪ್ರಯೋಜನ ಆಗಲಿಕ್ಕಿಲ್ಲ ಅಂತ ಮುಗಿಸಿದ್ರು.

ಎ/ಬಿ ಟೆಸ್ಟ್ ಮಾಡಿದವರಿಗೆ ಈ ‘ದುರ್ಬಲ’ ಅನ್ನೋ ಮಾತು ತಕ್ಷಣ ಅರ್ಥ ಆಗುತ್ತೆ. 16 ಬಳಕೆದಾರರ ಮೇಲೆ ಟೆಸ್ಟ್ ಮಾಡಿ ಬಟನ್ ಬಣ್ಣ ಬದಲಾಯಿಸೋಕೂ ನಮ್ಮ ಪ್ರಾಡಕ್ಟ್ ಮ್ಯಾನೇಜರ್ ಒಪ್ಪೋದಿಲ್ಲ. ಇನ್ನೊಂದು ಲೆಕ್ಕವೂ ಇದೆ. ನಿದ್ದೆಯ ಪ್ರಯೋಗದಲ್ಲಿ ಒಂದೇ ಅಳತೆ ಇರೋದಿಲ್ಲ. ಎಷ್ಟು ಹೊತ್ತಿಗೆ ನಿದ್ದೆ ಬಂತು, ಎಷ್ಟು ಸಲ ಎಚ್ಚರ ಆಯ್ತು, ಯಾವ ಹಂತದಲ್ಲಿ ಎಷ್ಟು ನಿಮಿಷ, ಹೀಗೆ ಉದ್ದ ಪಟ್ಟಿ. ಮದ್ದಿಗೆ ಯಾವ ಶಕ್ತಿಯೂ ಇಲ್ಲ ಅಂತಿಟ್ಟುಕೊಳ್ಳಿ. ಒಂದಕ್ಕೊಂದು ಸಂಬಂಧವಿಲ್ಲದ 20 ಅಳತೆ ತಗೊಂಡು, ಪ್ರತಿಯೊಂದಕ್ಕೂ ಶೇ 5ರಷ್ಟು ತಪ್ಪಿಗೆ ಅವಕಾಶ ಕೊಟ್ರೆ, ಕನಿಷ್ಠ ಒಂದರಲ್ಲಾದ್ರೂ ‘ಗುಣ ಕಂಡುಬಂತು’ ಅಂತ ಬರೋ ಸಾಧ್ಯತೆ ಶೇ 64. ಕ್ಯಾಲ್ಕುಲೇಟರಿನಲ್ಲಿ ನೀವೇ ಹಾಕಿ ನೋಡಬಹುದು. ಅದಕ್ಕೇ ಒಂದು ಸಣ್ಣ ಅಧ್ಯಯನದಲ್ಲಿ ಒಂದೆರಡು ಅಳತೆ ಚೆನ್ನಾಗಿ ಬಂದ್ರೆ ಅದು ಇನ್ನೂ ದೊಡ್ಡ ಅಧ್ಯಯನ ಮಾಡೋಕೆ ಕಾರಣ ಆಗಬಹುದು, ಚುಚ್ಚಿಕೊಳ್ಳೋಕೆ ಕಾರಣ ಆಗೋದಿಲ್ಲ.

ಕಪ್ಪೆ ಮದುವೆ ಮತ್ತು ಮಳೆ

ಇಷ್ಟು ಹೇಳಿದಾಗ ಭಾವ ಫೋನಿನಲ್ಲೇ ತಡೆದ್ರು. “ಪೇಪರು ಬಿಡು. ನಮ್ಮ ಜಿಮ್ಮಿನವನಿಗೆ ಕೆಲಸ ಮಾಡಿದೆ. ಅವನು ಸುಳ್ಳು ಹೇಳ್ತಾನಾ?”

ಸುಳ್ಳು ಹೇಳಿರೋದಿಲ್ಲ. ಅವರಿಗೆ ನಿಜವಾಗಿಯೂ ಚೆನ್ನಾಗಿ ನಿದ್ದೆ ಬಂದಿರಬಹುದು. ಪ್ರಶ್ನೆ ಇರೋದು ಕಾರಣದ ಬಗ್ಗೆ. ನಮ್ಮ ಕಡೆ ಮಳೆ ಕೈಕೊಟ್ಟ ವರ್ಷ ಕಪ್ಪೆಗೆ ಮದುವೆ ಮಾಡ್ತಾರೆ. ಆಮೇಲೆ ಸುಮಾರು ಸಲ ಮಳೆ ಬರುತ್ತೆ ಕೂಡ. ಗಮನಿಸಿ, ಮಳೆ ಚೆನ್ನಾಗಿ ಆಗ್ತಿರೋವಾಗ ಯಾರೂ ಕಪ್ಪೆ ಮದುವೆ ಮಾಡೋದಿಲ್ಲ. ತೀರಾ ಕೆಟ್ಟ ಹೊತ್ತಿನಲ್ಲಿ ಮಾತ್ರ ಮಾಡ್ತಾರೆ, ತೀರಾ ಕೆಟ್ಟ ಹೊತ್ತಾದ ಮೇಲೆ ಸಾಮಾನ್ಯವಾಗಿ ಸ್ವಲ್ಪ ಒಳ್ಳೆಯದೇ ಬರೋದು.

ನಿದ್ದೆಯೂ ಹಾಗೆ. ಒಂದು ವಾರ ಕೆಟ್ಟಿರುತ್ತೆ, ಒಂದು ವಾರ ಪರವಾಗಿಲ್ಲ. ಹೊಸ ಮದ್ದು ಹುಡುಕಿ ತರಿಸೋದು ತೀರಾ ಕೆಟ್ಟ ವಾರದಲ್ಲಿ. ಮುಂದಿನ ವಾರ ತಾನಾಗಿಯೇ ಸ್ವಲ್ಪ ಸರಿಹೋದ್ರೆ ಶ್ರೇಯಸ್ಸು ಸೂಜಿಗೆ. ಜೊತೆಗೆ, ‘ಇವತ್ತು ಮದ್ದು ತಗೊಂಡಿದ್ದೀನಿ, ನಿದ್ದೆ ಬರುತ್ತೆ’ ಅನ್ನೋ ಧೈರ್ಯವೇ ನಿದ್ದೆಗೆ ದೊಡ್ಡ ಸಹಾಯ. ನಿದ್ದೆ ಬರಲ್ವೇನೋ ಅನ್ನೋ ಭಯವೇ ನಿದ್ದೆಗೆ ದೊಡ್ಡ ಶತ್ರು ತಾನೇ? ಹುಸಿಮದ್ದಿನ ಗುಂಪು ಇಟ್ಟುಕೊಳ್ಳೋದು ಈ ಕಾರಣಕ್ಕೆ. ಅದು ರೋಗಿಯ ಮೇಲಿನ ಅನುಮಾನ ಅಲ್ಲ, ಮಳೆ ಯಾಕೆ ಬಂತು ಅಂತ ಬಿಡಿಸಿ ನೋಡೋ ದಾರಿ.

ಇದೇ ದಾರಿಯಲ್ಲಿ ಗೆದ್ದ ಇನ್ನೊಂದು

“ಎಲ್ಲಾ ಔಷಧಿನೂ ಶುರುವಿನಲ್ಲಿ ಹೀಗೇ ಅಲ್ವಾ? ಪುರಾವೆ ನಿಧಾನಕ್ಕೆ ಬರುತ್ತೆ” ಅಂದ್ರು ಭಾವ. ನ್ಯಾಯವಾದ ಮಾತು. ಅದಕ್ಕೆ ಹೋಲಿಕೆಗೆ ಇನ್ನೊಂದು ಪೆಪ್ಟೈಡನ್ನು ತಗೊಂಡೆ. ಅದರ ಹೆಸರು ಒರೆಕ್ಸಿನ್, ಇದೂ ಮಿದುಳಿನದೇ, ಇದೂ ನಿದ್ದೆಗೆ ಸಂಬಂಧಪಟ್ಟದ್ದೇ.

1998ರಲ್ಲಿ ಅಮೆರಿಕದ ಎರಡು ತಂಡಗಳು ಒಂದರ ಹಿಂದೊಂದು ಒರೆಕ್ಸಿನನ್ನು ವರದಿ ಮಾಡಿದ್ವು. ಎರಡು ಬೇರೆ ಬೇರೆ ದಾರಿಯಿಂದ ಹೋದವರಿಗೆ ಒಂದೇ ವಸ್ತು ಸಿಕ್ಕಿತ್ತು. ಅದನ್ನು ತಯಾರಿಸೋ ಜೀನ್ ಸಿಕ್ತು. ಜೀವಕೋಶದ ಮೇಲೆ ಅದು ಕೂರೋ ಜಾಗ, ಅಂದ್ರೆ ರಿಸೆಪ್ಟರ್ ಸಿಕ್ತು. ಕೀಲಿಯೂ ಸಿಕ್ತು, ಬೀಗವೂ ಸಿಕ್ತು ಅನ್ನಿ. 1999ರಲ್ಲಿ, ಕೂತಲ್ಲೇ ನಿದ್ದೆಗೆ ಬೀಳೋ ನಾರ್ಕೊಲೆಪ್ಸಿ ಕಾಯಿಲೆಯ ನಾಯಿಗಳಲ್ಲಿ ಈ ಬೀಗದ ಜೀನ್ ಕೆಟ್ಟಿರೋದು ಗೊತ್ತಾಯ್ತು. 2000ದಲ್ಲಿ ಅದೇ ಕಾಯಿಲೆಯ ಮನುಷ್ಯರಲ್ಲಿ ಒರೆಕ್ಸಿನ್ ಕೊರತೆ ಕಂಡುಬಂತು. ಎಚ್ಚರವಾಗಿಡೋ ವಸ್ತು ಇದು ಅಂತಾದ ಮೇಲೆ, ಇದನ್ನು ತಡೆದ್ರೆ ನಿದ್ದೆ ಬರಬೇಕು ಅಂತ ಮಾತ್ರೆ ಮಾಡಿದ್ರು. ಸಾವಿರಕ್ಕೂ ಹೆಚ್ಚು ಜನರ ಮೇಲೆ, ತಿಂಗಳುಗಟ್ಟಲೆ ಪರೀಕ್ಷೆ ಆಯ್ತು. 2014ರಲ್ಲಿ ಸುವೊರೆಕ್ಸಾಂಟ್ ಅನ್ನೋ ಮಾತ್ರೆಗೆ ಅಮೆರಿಕದ ಎಫ್‌ಡಿಎ ಒಪ್ಪಿಗೆ ಕೊಟ್ಟಿತು. ಒಪ್ಪಿಗೆ ಕೊಡೋವಾಗಲೂ ಕಂಪನಿ ಕೇಳಿದ್ದಕ್ಕಿಂತ ಕಡಿಮೆ ಡೋಸ್‌ನಿಂದ ಶುರು ಮಾಡಿ ಅಂದಿತು. ಕಾರಣ, ಮರುದಿನ ಬೆಳಿಗ್ಗೆ ಕಾರು ಓಡಿಸೋವಾಗ ಮಂಪರು ಇರಬಹುದು ಅಂತ ಪರೀಕ್ಷೆಯಲ್ಲಿ ಕಂಡಿತ್ತು.

ಪತ್ತೆಯಾದದ್ದರಿಂದ ಮಾತ್ರೆಯವರೆಗೆ 16 ವರ್ಷ. ಡಿಎಸ್‌ಐಪಿ ಕಥೆ ಶುರುವಾಗಿ ಅರ್ಧ ಶತಮಾನದ ಹತ್ತಿರ ಆಯ್ತು. 2006ರಲ್ಲಿ ಕೊವಾಲ್ಝೋನ್, ಸ್ಟ್ರೆಕಾಲೊವಾ ಅನ್ನೋ ಸಂಶೋಧಕರು ಅಲ್ಲಿಯವರೆಗಿನ ಎಲ್ಲ ಕೆಲಸವನ್ನೂ ಒಟ್ಟಿಗೆ ನೋಡಿ ಬರೆದ ವಿಮರ್ಶೆಯ ತಲೆಬರಹದಲ್ಲೇ ಇದನ್ನು ಇನ್ನೂ ಬಿಡಿಸದ ಒಗಟು ಅಂತ ಕರೆದಿದ್ದಾರೆ. ಇದನ್ನು ತಯಾರಿಸೋ ಜೀನ್ ಸಿಕ್ಕಿಲ್ಲ, ಇದು ಕೂರೋ ರಿಸೆಪ್ಟರ್ ಸಿಕ್ಕಿಲ್ಲ, ನಿದ್ದೆ ತರೋ ವಸ್ತು ಇದು ಅನ್ನೋ ವಾದಕ್ಕೆ ಆಧಾರ ಬಹಳ ತೆಳು ಅನ್ನೋದು ಅವರ ತೀರ್ಮಾನ. ಪ್ರಯೋಗಾಲಯದಲ್ಲಿ ಇದರ ಅರ್ಧಾಯುಷ್ಯ ಸುಮಾರು 15 ನಿಮಿಷ ಮಾತ್ರ. ಅಂದ್ರೆ ಕಾಲು ಗಂಟೆಯಲ್ಲಿ ಅರ್ಧದಷ್ಟು ಒಡೆದುಹೋಗುತ್ತೆ. ದೇಹದೊಳಗೆ ಬೇರೆ ಪ್ರೋಟೀನಿಗೆ ಅಂಟಿಕೊಂಡು ಉಳೀಬಹುದು ಅನ್ನೋ ಊಹೆಯೂ ಇದೆ. ಆದ್ರೆ ಊಹೆ ಊಹೆಯೇ.

ಬೀಗ ಎಲ್ಲಿದೆ ಅಂತ ಗೊತ್ತಿಲ್ಲದ ಕೀಲಿಯಿಂದ ಬಾಗಿಲು ತೆಗೆಯಲೇಬಾರದು ಅಂತೇನಿಲ್ಲ. ಹೇಗೆ ಕೆಲಸ ಮಾಡುತ್ತೆ ಅಂತ ಗೊತ್ತಾಗೋ ಮುಂಚೆಯೇ ಬಳಕೆಗೆ ಬಂದ ಔಷಧಿಗಳು ಎಷ್ಟೋ ಇವೆ. ಆದ್ರೆ ಅಲ್ಲಿ ಪರಿಣಾಮ ಎದ್ದು ಕಾಣ್ತಿತ್ತು. ಇಲ್ಲಿ ಪರಿಣಾಮವೂ ಮಸುಕು, ಕಾರಣವೂ ಮಸುಕು. ಹುರುಪು ತರುವಂಥ ಒಂದು ಪತ್ತೆಯ ನಂತರ ಇಷ್ಟು ವರ್ಷ ದೊಡ್ಡ ಪರೀಕ್ಷೆ ಒಂದೂ ಹಿಂಬಾಲಿಸದೆ ಹೋದ್ರೆ, ಆ ಮೌನವನ್ನೂ ಓದಬೇಕಾಗುತ್ತೆ.

ಸೀಸೆಯ ಮೇಲಿನ ಸಣ್ಣ ಅಕ್ಷರ

ಆಮೇಲೆ ಭಾವನಿಗೆ ಸೀಸೆಯ ಫೋಟೊ ಕಳಿಸಿ ಅಂದೆ. ಸಣ್ಣ ಅಕ್ಷರದಲ್ಲಿತ್ತು: ಸಂಶೋಧನೆಗೆ ಮಾತ್ರ, ಮನುಷ್ಯರ ಬಳಕೆಗೆ ಅಲ್ಲ. ಮಾರೋರು ತಮ್ಮನ್ನು ತಾವು ಉಳಿಸಿಕೊಳ್ಳೋಕೆ ಬರೆದಿರೋ ಸಾಲು ಅದು. ಏನಾದ್ರೂ ಆದ್ರೆ, ‘ನಾವು ಮೊದಲೇ ಹೇಳಿದ್ವಲ್ಲ’ ಅನ್ನೋದಕ್ಕೆ.

ಜೊತೆಗೆ ‘ಶೇ 99 ಶುದ್ಧ’ ಅನ್ನೋ ಒಂದು ಸರ್ಟಿಫಿಕೇಟು. ಇಲ್ಲಿ ಬಹಳ ಜನ ಎಡವೋದು. ಆ ಶೇ 99 ಹೇಳೋದು ಪುಡಿಯಲ್ಲಿರೋ ಪೆಪ್ಟೈಡ್ ಎಷ್ಟು ಶುದ್ಧ ಅಂತ ಮಾತ್ರ, ಅದೂ ಆ ಸರ್ಟಿಫಿಕೇಟು ನಿಜವಾಗಿ ಈ ಸೀಸೆಯದ್ದೇ ಆಗಿದ್ರೆ. ಸೂಜಿಯಲ್ಲಿ ಚುಚ್ಚೋದಕ್ಕೆ ಬೇಕಾದ ಬೇರೆ ಪರೀಕ್ಷೆಗಳಿವೆ. ಸೂಕ್ಷ್ಮಜೀವಿ ಇಲ್ಲವೇ? ಸತ್ತ ಬ್ಯಾಕ್ಟೀರಿಯಾದ ವಿಷದ ಅಂಶ, ಅಂದ್ರೆ ಎಂಡೊಟಾಕ್ಸಿನ್, ಎಷ್ಟಿದೆ? ಶುದ್ಧತೆಯ ಅಂಕಿಯಲ್ಲಿ ಇವೆರಡೂ ಕಾಣೋದಿಲ್ಲ. ಮಾತ್ರೆಯಾದ್ರೆ ಹೊಟ್ಟೆಯ ಆಮ್ಲ, ಕರುಳಿನ ಗೋಡೆ ಅಂತ ಒಂದಿಷ್ಟು ಕಾವಲು ಇರುತ್ತೆ. ಸೂಜಿ ಅವನ್ನೆಲ್ಲ ದಾಟಿ ಒಳಗೆ ಹೋಗುತ್ತೆ. ದೇಹ ಅದನ್ನು ಪರಕೀಯ ಅಂತ ತಿಳಿದು ಪ್ರತಿರೋಧ ಒಡ್ಡುವ ಅಪಾಯವೂ ಇದೆ. 2023ರಲ್ಲಿ ಅಮೆರಿಕದ ಎಫ್‌ಡಿಎ, ಅಲ್ಲಿನ ಔಷಧಾಲಯಗಳು ತಾವೇ ತಯಾರಿಸಿ ಕೊಡುವ ಔಷಧಿಗಳ ವಿಷಯದಲ್ಲಿ ‘ಸುರಕ್ಷತೆಯ ಬಗ್ಗೆ ಗಂಭೀರ ಆತಂಕ ಇರುವ’ ವಸ್ತುಗಳ ಪಟ್ಟಿ ಮಾಡಿದಾಗ ಡಿಎಸ್‌ಐಪಿಯನ್ನೂ ಅದಕ್ಕೆ ಸೇರಿಸಿತ್ತು. ನಮ್ಮ ದೇಶದಲ್ಲೂ ನಿದ್ದೆಯ ಔಷಧಿ ಅಂತ ಇದಕ್ಕೆ ಒಪ್ಪಿಗೆ ಇಲ್ಲ.

“ಸಂಶೋಧನೆಗೆ ಮಾತ್ರ ಅಂತ ಬರೆದಿರೋದನ್ನು ಚುಚ್ಚಿಕೊಂಡ್ರೆ ನೀವೇ ಪ್ರಯೋಗದ ಮೊಲ ಆಗ್ತೀರಿ ಭಾವ” ಅಂದೆ. “ಬಾಸೆಲ್‌ನ ಮೊಲಕ್ಕಾದ್ರೂ ಏನಾಯ್ತು ಅಂತ ಯಾರೋ ಬರೆದಿಟ್ಟರು. ನಿಮ್ಮದನ್ನು ಬರೆದಿಡೋರೂ ಇಲ್ಲ.”

“ನಿನಗೆ ನಿದ್ದೆ ಬರುತ್ತಲ್ಲ”

ಭಾವ ಸ್ವಲ್ಪ ಹೊತ್ತು ಸುಮ್ಮನಿದ್ರು. ಆಮೇಲೆ ಸಿಟ್ಟಿಲ್ಲದೆ ಹೇಳಿದ್ರು. “ನೀನು ಹೇಳಿದ್ದೆಲ್ಲ ಸರಿ ಇರಬಹುದು. ಆದ್ರೆ ನಿನಗೆ ನಿದ್ದೆ ಬರುತ್ತಲ್ಲ, ಅದಕ್ಕೆ ಕಾಯೋಕಾಗುತ್ತೆ. ನನಗೆ ಆಗ್ತಿಲ್ಲ.”

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಪುರಾವೆ ಇಲ್ಲ ಅನ್ನೋದು ಸುಲಭ. ಒಂದೂವರೆ ವರ್ಷ ನಿದ್ದೆ ಮಾಡದವರಿಗೆ ‘ಪುರಾವೆ ಇಲ್ಲ’ ಅಂದ್ರೆ ‘ಬೇರೆ ದಾರಿಯೂ ಇಲ್ಲ’ ಅಂತಲೇ ಕೇಳಿಸುತ್ತೆ. ಒಂದನ್ನು ಬೇಡ ಅಂದ ಮೇಲೆ ಏನನ್ನು ಮಾಡಬಹುದು ಅಂತಲೂ ಅಷ್ಟೇ ಕಷ್ಟಪಟ್ಟು ಓದಬೇಕು ಅಂತ ಅನಿಸಿತು. ಮತ್ತೆ ಕೂತೆ.

ಪುರಾವೆ ಇರೋದು ಯಾರೂ ಜಾಹೀರಾತು ಕೊಡದ ಒಂದಕ್ಕೆ. ನಿದ್ರಾಹೀನತೆಗೆ ಕೊಡೋ ಸಿಬಿಟಿ, ಅಂದ್ರೆ ಯೋಚನೆ ಮತ್ತು ಅಭ್ಯಾಸ ಎರಡನ್ನೂ ತಿದ್ದೋ ಆರೆಂಟು ವಾರಗಳ ಚಿಕಿತ್ಸೆ. 2016ರಲ್ಲಿ ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ ಸಂಸ್ಥೆ, ದೀರ್ಘಕಾಲದ ನಿದ್ರಾಹೀನತೆ ಇರೋ ವಯಸ್ಕರಿಗೆಲ್ಲ ಮೊದಲು ಇದನ್ನೇ ಕೊಡಬೇಕು, ಮಾತ್ರೆ ಏನಿದ್ರೂ ಆಮೇಲೆ ಅಂತ ಶಿಫಾರಸು ಮಾಡಿತು. ಅದಕ್ಕೆ ಆಧಾರ ಒಂದೆರಡು ಅಧ್ಯಯನ ಅಲ್ಲ, ಹುಸಿಚಿಕಿತ್ಸೆ ಅಥವಾ ಬೇರೆ ಚಿಕಿತ್ಸೆಗಳ ಜೊತೆ ಹೋಲಿಸಿ ನೋಡಿದ ಹಲವಾರು ಪ್ರಯೋಗಗಳು.

ಅದರಲ್ಲಿರೋದು ಅಜ್ಜಿ ಹೇಳಿದ ಹಾಗೆ ಕೇಳಿಸುತ್ತೆ. ನಿದ್ದೆ ಬಂದಾಗ ಮಾತ್ರ ಹಾಸಿಗೆಗೆ ಹೋಗಿ. ಬರದಿದ್ರೆ ಎದ್ದು ಹೊರಗೆ ಕೂತ್ಕೊಳ್ಳಿ. ಹಾಸಿಗೆಯಲ್ಲಿ ಮೊಬೈಲ್, ಲ್ಯಾಪ್‌ಟಾಪ್ ಬೇಡ. ಏಳೋ ಹೊತ್ತು ಮಾತ್ರ ಯಾವತ್ತೂ ಒಂದೇ ಇರಲಿ. ವಿಚಿತ್ರ ಅನಿಸೋದು ಒಂದೇ, ಹಾಸಿಗೆಯಲ್ಲಿರೋ ಹೊತ್ತನ್ನೇ ಕಡಿಮೆ ಮಾಡೋದು. ಎಂಟು ಗಂಟೆ ಮಲಗಿ ಐದು ಗಂಟೆ ನಿದ್ದೆ ಬರೋರಿಗೆ, ಮೊದಲು ಹತ್ತಿರ ಹತ್ತಿರ ಅಷ್ಟೇ ಹೊತ್ತು ಮಲಗೋಕೆ ಹೇಳ್ತಾರೆ. ನಿದ್ದೆ ಗಟ್ಟಿಯಾದ ಹಾಗೆ ಹೊತ್ತನ್ನು ಹೆಚ್ಚಿಸ್ತಾರೆ. ಶುರುವಿನ ವಾರಗಳು ಹಿಂಸೆ, ಹಗಲು ತೂಕಡಿಕೆ ಹೆಚ್ಚು. ಅದಕ್ಕೇ ಇದನ್ನು ತಿಳಿದವರ ಕೈಕೆಳಗೇ ಮಾಡಬೇಕು. ಭಾವನ ಥರ ಪಾಳಿ ಕೆಲಸದವರಿಗೆ ದೇಹದ ಗಡಿಯಾರದ ತೊಡಕೂ ಸೇರಿಕೊಂಡಿರುತ್ತೆ, ಅದನ್ನು ಬೇರೆಯಾಗಿಯೇ ಬಿಡಿಸಬೇಕಾಗುತ್ತೆ.

ನಿದ್ದೆಯ ಡಾಕ್ಟರ ಹತ್ತಿರ ಹೋದಾಗ ಅವರ ಮೊದಲ ಪ್ರಶ್ನೆ, “ಗೊರಕೆ ಹೊಡೀತೀರಾ?” ಭಾವ “ಇಲ್ಲ” ಅಂದ್ರು, ಅಕ್ಕ “ಹೌದು” ಅಂದಳು. ಮಲಗಿದ್ದಾಗ ಉಸಿರು ಕಟ್ಟೋ ಸ್ಲೀಪ್ ಅಪ್ನಿಯಾ ಇದ್ರೆ ಅದರ ದಾರಿಯೇ ಬೇರೆ. ಹಾಗಾಗಿ ಮೊದಲು ಒಂದು ರಾತ್ರಿಯ ಪರೀಕ್ಷೆ, ರಕ್ತ ಪರೀಕ್ಷೆ, ಎರಡು ವಾರ ನಿದ್ದೆಯ ಡೈರಿ. ಅಪ್ನಿಯಾ ಇರಲಿಲ್ಲ. ಚಿಕಿತ್ಸೆ ಶುರುವಾದಾಗ ಡಾಕ್ಟರು ಹಾಕಿದ ಒಂದೇ ಗಟ್ಟಿ ಷರತ್ತು, ಈ ವಾರಗಳಲ್ಲಿ ಸ್ಟಿಯರಿಂಗ್ ಮುಟ್ಟಬಾರದು, ಕ್ಯಾಬಿನಲ್ಲೇ ಓಡಾಡಬೇಕು. ಸೀಸೆಗಳ ವಿಷಯ ಹೇಳಿದಾಗ ಅವರು ಬೈಯಲಿಲ್ಲ, “ಅದನ್ನು ಬಿಟ್ಟುಬಿಡಿ” ಅಂದ್ರು ಅಷ್ಟೇ.

ಈಗ ಭಾವನಿಗೆ ಐದೂವರೆ ಗಂಟೆ ಒಂದೇ ಸಮ ನಿದ್ದೆ ಬರ್ತಿದೆ. ಕೆಲವು ವಾರ ಮತ್ತೆ ಕೆಡುತ್ತೆ. ಇದನ್ನು ಓದಿ, ‘ನೋಡಿದ್ರಾ, ಸಿಬಿಟಿ ಕೆಲಸ ಮಾಡ್ತು’ ಅಂತ ನಾನು ಹೇಳೋ ಹಾಗಿಲ್ಲ. ಜಿಮ್ಮಿನವರ ಅನುಭವ ಪುರಾವೆಯಲ್ಲ ಅಂದ ಮೇಲೆ ಭಾವನದ್ದೂ ಅಲ್ಲ. ಅವರೂ ತೀರಾ ಕೆಟ್ಟ ಹೊತ್ತಿನಲ್ಲೇ ಡಾಕ್ಟರ ಹತ್ತಿರ ಹೋದದ್ದು, ಅವರದ್ದೂ ಕಪ್ಪೆ ಮದುವೆ ಆಗಿರಬಹುದು. ನಾನು ಸಿಬಿಟಿ ಕಡೆ ಬೆರಳು ತೋರಿಸೋದು ಸಾವಿರಾರು ಅಪರಿಚಿತರ ಮೇಲೆ ನಡೆದ ಪ್ರಯೋಗಗಳ ಕಾರಣಕ್ಕೆ, ನಮ್ಮ ಮನೆಯ ಒಬ್ಬರ ಕಾರಣಕ್ಕಲ್ಲ.

ಮುಂದಿನ ಹೆಸರು ಬಂದಾಗ

ಡಿಎಸ್‌ಐಪಿ ಗದ್ದಲ ತಣ್ಣಗಾದ ಮೇಲೆ ಇನ್ನೊಂದು ಹೆಸರು ಬರುತ್ತೆ. ಇನ್ನೂ ಚೆಂದದ್ದು, ಇನ್ನೂ ವೈಜ್ಞಾನಿಕವಾಗಿ ಕೇಳಿಸೋದು. ಆಗ ಹತ್ತು ನಿಮಿಷ ತೆಗೆದು ನೀವೇ ಇಷ್ಟನ್ನು ನೋಡಿಕೊಳ್ಳಬಹುದು.

ಪ್ರಯೋಗ ಯಾರ ಮೇಲೆ ಆಗಿದೆ, ಪ್ರಾಣಿಗಳ ಮೇಲೋ ಮನುಷ್ಯರ ಮೇಲೋ? ಮನುಷ್ಯರಾದ್ರೆ ಎಷ್ಟು ಜನ, ಎಷ್ಟು ದಿನ? ಹುಸಿಮದ್ದಿನ ಗುಂಪು ಇತ್ತಾ? ಪ್ರಯೋಗದಲ್ಲಿ ಕೊಟ್ಟ ರೀತಿಯಲ್ಲೇ ನಿಮಗೂ ಕೊಡ್ತಿದ್ದಾರಾ, ಇಲ್ಲಾ ಅಲ್ಲಿ ರಕ್ತನಾಳಕ್ಕೆ ಕೊಟ್ಟಿದ್ದನ್ನು ಇಲ್ಲಿ ಹೊಟ್ಟೆಗೆ ಚುಚ್ಚೋಕೆ ಹೇಳ್ತಿದ್ದಾರಾ? ಅಳೆದದ್ದು ಯಂತ್ರದಲ್ಲಿ ಕಾಣೋ ಅಲೆಯನ್ನೋ, ರೋಗಿಗೆ ಅನಿಸಿದ ನೆಮ್ಮದಿಯನ್ನೋ? ಮೊದಲ ತಂಡ ಬಿಟ್ಟು ಬೇರೆಯವರೂ ಅದನ್ನೇ ಕಂಡ್ರಾ? ಕೊನೆಯ ಒಳ್ಳೆಯ ಅಧ್ಯಯನ ಯಾವ ವರ್ಷದ್ದು, ಆಮೇಲೆ ಯಾಕೆ ಯಾರೂ ಮಾಡಲಿಲ್ಲ? ನಮ್ಮ ದೇಶದಲ್ಲಿ ಯಾರಾದ್ರೂ ‘ಟ್ರಯಲ್ ನಡೀತಿದೆ’ ಅಂದ್ರೆ ಸಿಟಿಆರ್‌ಐ ಜಾಲತಾಣದಲ್ಲಿ ಹುಡುಕಿ. 2009ರಿಂದ ಕ್ಲಿನಿಕಲ್ ಟ್ರಯಲ್‌ಗಳನ್ನು ಅಲ್ಲಿ ನೋಂದಾಯಿಸೋದು ಕಡ್ಡಾಯ. ಮತ್ತೆ ಸಾರಾಂಶವನ್ನು ಓದೋವಾಗ ಕೊನೆಯ ಎರಡು ಸಾಲಿನವರೆಗೂ ಓದಿ, ಮಾರೋರು ಬಿಟ್ಟುಬಿಡೋದು ಅವನ್ನೇ.

ಇದನ್ನೆಲ್ಲ ನೋಡಿದ ಮೇಲೆ ಉತ್ತರ ‘ಬೇಡ’ ಅಂತ ಬಂದ್ರೆ, ಕೇಳಿದವರನ್ನು ಅಲ್ಲಿಗೇ ಬಿಡಬೇಡಿ. ಅವರಿಗೆ ಇವತ್ತು ರಾತ್ರಿಯೂ ನಿದ್ದೆ ಬರೋದಿಲ್ಲ. ಡಾಕ್ಟರ ಅಪಾಯಿಂಟ್‌ಮೆಂಟ್ ತೆಗೆದುಕೊಡಿ, ಜೊತೆಗೆ ಹೋಗಿ, ಅಲ್ಲಿಯವರೆಗೆ ಕಾರಿನ ಕೀಲಿ ನೀವೇ ಇಟ್ಟುಕೊಳ್ಳಿ.